ಎರಡು ಮೀಟರ್ ರಂಗೋಲಿ

ನಮ್ಮ ಅಡುಗೆಮನೆಯ ಕಪಾಟಿನ ಮೇಲಿನ ಸಾಲಿನಲ್ಲಿ ಒಂದು ಸ್ಟೀಲ್ ಡಬ್ಬಿ ಇದೆ. ಅದರ ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ 'ಇದು ಉಪ್ಪಲ್ಲ' ಎಂದು ಬರೆದ ಚೀಟಿ ಅಂಟಿಸಿದ್ದೇನೆ. ಒಳಗೆ ಏನಿದೆ ಎಂದು ಬರೆಯುವುದು ಬಿಟ್ಟು ಏನು ಅಲ್ಲ ಎಂದು ಬರೆಯುವುದು ಯಾವ ಸೀಮೆಯ ಪದ್ಧತಿ ಎಂದು ನೀವು ಕೇಳಬಹುದು. ನನ್ನ ಗಂಡ ಶ್ರೀಧರ ಒಮ್ಮೆ ಆ ಡಬ್ಬಿಯಿಂದ ಎರಡು ಚಮಚ ತೆಗೆದು ಸಾರಿಗೆ ಹಾಕಿ, ಕುದಿಸಿ, ರುಚಿ ನೋಡಿ, "ಯಾಕೋ ಉಪ್ಪು ಸಾಲದು" ಎಂದು ಮತ್ತೆರಡು ಚಮಚ ಹಾಕಿದ ಮೇಲೆ ಹುಟ್ಟಿದ ಚೀಟಿ ಅದು. ಡಬ್ಬಿಯಲ್ಲಿರುವುದು ಮೈಸೂರಿನಿಂದ ತಂದ ರಂಗೋಲಿ ಪುಡಿ. ಅಂದು ನಾವು ಊಟಕ್ಕೆ ಪಿಜ್ಜಾ ತರಿಸಿದೆವು.

ಬಿಳಿ ಪುಡಿಯ ಪೊಟ್ಟಣವನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡು ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣದಲ್ಲಿ ಇಳಿಯುವುದಕ್ಕೆ ಎಷ್ಟು ಧೈರ್ಯ ಬೇಕು ಎಂಬುದು ಇಳಿದವರಿಗೇ ಗೊತ್ತು. ಅಲ್ಲಿನ ಅಧಿಕಾರಿ ಪೊಟ್ಟಣವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಇದೇನು ಎಂದು ಕೇಳಿದ. ವಿವರಿಸಿದೆ. ಅವನಿಗೆ ಅರ್ಥವಾಗಲಿಲ್ಲ. ಇನ್ನೂ ವಿವರಿಸಿದೆ. ಅವನ ಅನುಮಾನ ಹೆಚ್ಚಾಯಿತು. ಕೊನೆಗೆ ಚಿಟಿಕೆ ಪುಡಿ ತೆಗೆದು ಅವನ ಸ್ಟೀಲ್ ಮೇಜಿನ ಮೇಲೆಯೇ ಐದು ದಳದ ಒಂದು ಹೂವು ಎಳೆದುಬಿಟ್ಟೆ. ಅವನು ಎರಡು ಕ್ಷಣ ನೋಡಿ ಹೋಗು ಎಂದು ಕೈಬೀಸಿದ. ನನ್ನ ಚಿತ್ರಕಲೆಗೆ ಈ ದೇಶದಲ್ಲಿ ಸಿಕ್ಕ ಮೊದಲ ಮನ್ನಣೆ ಅದು ಎಂದು ನಾನು ಈಗಲೂ ಹೇಳಿಕೊಳ್ಳುತ್ತೇನೆ.

ಇದಕ್ಕೆ ಮೊದಲಿನ ಮನ್ನಣೆ ಹೈಸ್ಕೂಲಿನ ರಂಗೋಲಿ ಸ್ಪರ್ಧೆಯಲ್ಲಿ ಸಿಕ್ಕ ಸಮಾಧಾನಕರ ಬಹುಮಾನ. ಒಂದು ಪ್ಲಾಸ್ಟಿಕ್ ಸೋಪಿನ ಡಬ್ಬಿ. ಸ್ಪರ್ಧೆಯಲ್ಲಿ ಇದ್ದವರು ನಾಲ್ವರು, ಬಹುಮಾನ ನಾಲ್ಕು. ಅದನ್ನು ಯಾರಿಗೂ ಹೇಳುವುದಿಲ್ಲ, ನಿಮಗೆ ಹೇಳಿದ್ದೇನೆ, ನಿಮ್ಮಲ್ಲೇ ಇರಲಿ.

ಕಳೆದ ತಿಂಗಳು ರಂಗೋಲಿ ಪುಡಿಯ ಆ ಡಬ್ಬಿಯನ್ನು ಕೆಳಗಿಳಿಸುವ ಸಂದರ್ಭ ಬಂತು. ಒಂದು ಶನಿವಾರ ಅಪರಿಚಿತ ನಂಬರಿನಿಂದ ಫೋನು.

"ನಮಸ್ಕಾರ್ರಿ ಮೇಡಂ, ನಾ ಶಾಹೀನ್ ಅಂತ್ರಿ, ಧಾರವಾಡದಾಕಿ. ಇಲ್ಲಿ ಎಜ್‌ಬಾಸ್ಟನ್‌ದಾಗ ಪಬ್ಲಿಕ್ ಹೆಲ್ತ್ ಓದಾಕತ್ತೇನ್ರಿ. ಕೊರೊನಾ ಟೈಮಿನ್ಯಾಗ ಮಂದಿ ಏನೇನು ಚಿತ್ರ ತಗದ್ರು, ಅವನ್ನ ನೋಡಿ ಏನು ತಿಳಕೊಂಡ್ರು ಅಂತ ನಾವು ಹುಡುಗೂರೆಲ್ಲಾ ಸೇರಿ ಒಂದು ಪ್ರದರ್ಶನ ಮಾಡಾಕತ್ತೀವ್ರಿ. ಪೌಲೀನ್ ಅಂತ ಒಬ್ರು ನರ್ಸ್ ನಿಮ್ಮ ಹೆಸರು ಹೇಳಿದ್ರು. ನಿಮ್ಮ ರಂಗೋಲಿ ಎಲ್ಲೈತ್ರಿ ಈಗ?"

"ಅದು ಅವತ್ತು ಸಾಯಂಕಾಲಾನೇ ಮಳೇಲಿ ಹೋಯ್ತಮ್ಮ" ಎಂದೆ.

"ಫೋಟೋರೀ?"

"ಯಾರೂ ತೆಗೀಲಿಲ್ಲ."

ಆ ಕಡೆ ನಿಟ್ಟುಸಿರು ಕೇಳಿಸಿತು. ಆಮೇಲೆ ಅವಳು, "ಹಂಗಾರ ಬಂದು ಮತ್ತೊಮ್ಮೆ ಹಾಕಿ ಕೊಡ್ರಿ ಮೇಡಂ" ಎಂದಳು. ಧಾರವಾಡದವರು ಕೇಳಿದರೆ ಇಲ್ಲ ಎನ್ನಲು ನನಗೆ ಬರುವುದಿಲ್ಲ. ಅದರಲ್ಲೂ ನನ್ನ ಕಲೆಯ ವಿಷಯದಲ್ಲಿ ಯಾರು ಕೇಳಿದರೂ ಬರುವುದಿಲ್ಲ. ಆದರೆ ಆ ರಂಗೋಲಿಯನ್ನು ನಾನೊಬ್ಬಳೇ ಹಾಕಿದ್ದಲ್ಲ. ನಿಜ ಹೇಳಬೇಕೆಂದರೆ ನಾನೊಬ್ಬಳೇ ಹಾಕಿದ ಅಷ್ಟೂ ಭಾಗ ತಪ್ಪಾಗಿತ್ತು.

ನಮ್ಮತ್ತೆ ಜಯಲಕ್ಷ್ಮಮ್ಮ ಕೊರೊನಾ ಬಂದ ವರ್ಷ ಆರು ತಿಂಗಳಿಗೆಂದು ನಮ್ಮ ಮನೆಗೆ ಬಂದವರು. ಬಂದು ಟಿವಿಡೇಲ್‌ನ ಬಾಲಾಜಿ ದೇವಸ್ಥಾನಕ್ಕೆ ಎರಡು ಭಾನುವಾರ ಹೋಗಿಬಂದರು, ಮೂರನೆಯ ಭಾನುವಾರ ಎನ್ನುವಷ್ಟರಲ್ಲಿ ದೇವಸ್ಥಾನ, ಅಂಗಡಿ, ಆಫೀಸು, ವಿಮಾನ ಎಲ್ಲ ಮುಚ್ಚಿಕೊಂಡವು. ಆರು ತಿಂಗಳು ಹೋಗಿ ವರ್ಷವಾಯಿತು. ಅತ್ತೆಗೆ ಚಿಕ್ಕಂದಿನಿಂದ ಉಬ್ಬಸ. ಮೆಟ್ಟಿಲು ಹತ್ತಿದರೆ ನಡುವೆ ನಿಂತು ಗೋಡೆಯ ಮೇಲಿನ ಫೋಟೋ ನೋಡುವ ನೆಪ ಮಾಡುತ್ತಾರೆ. ಈ ಕಾಯಿಲೆ ಒಂದು ಸಲ ಅವರ ಎದೆಗೆ ಇಳಿದರೆ ಮುಗಿಯಿತು ಎಂದು ಜಿಪಿ, ಅಂದರೆ ಇಲ್ಲಿನ ನಮ್ಮ ಮಾಮೂಲಿ ಡಾಕ್ಟರು, ನಮಗೆ ಬಿಡಿಸಿಯೇ ಹೇಳಿದ್ದರು. ನಾನು ಅಂಗಡಿಯಿಂದ ತಂದ ಬಾಳೆಹಣ್ಣನ್ನೂ ಸೋಪು ಹಾಕಿ ತೊಳೆಯುತ್ತಿದ್ದೆ.

ಆದರೆ ಕಣ್ಣಿಗೆ ಕಾಣದ ವಸ್ತುವಿನ ಬಗ್ಗೆ ಇನ್ನೊಬ್ಬರಿಗೆ ತಿಳಿಹೇಳುವುದಿದೆಯಲ್ಲ, ಅದು ಬಹಳ ಕಷ್ಟ. ಟಿವಿಯಲ್ಲಿ ದಿನಾ ವೈರಸ್ಸಿನ ಚಿತ್ರ ತೋರಿಸುತ್ತಿದ್ದರು. ಗುಂಡಗೆ, ಮೈತುಂಬ ಕೆಂಪು ಕೆಂಪು ಮೊಗ್ಗು. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿ, "ಕದಂಬದ ಹೂವಿನ ಹಾಗೇ ಇದೆ ಕಣೇ. ಇಷ್ಟು ಲಕ್ಷಣವಾಗಿ ಬಿಡಿಸಿದ್ರೆ ಯಾರು ಹೆದರ್ತಾರೆ?" ಎಂದರು. ನನಗೆ ಅದು ಪಬ್ಲಿಕ್ ಹೆಲ್ತ್‌ನ ಮೇಲೆ ಬಂದ ಒಳ್ಳೆಯ ವಿಮರ್ಶೆ ಎನಿಸಿತು. ಈಗ ಶಾಹೀನಳಿಗೆ ಹೇಳಿದಾಗ ಅವಳೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಶ್ರೀಧರನದು ಇನ್ನೊಂದು ದಾರಿ. ಅವನಿಗೆ ಗ್ರಾಫ್ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಮದುವೆಗೆ ಮುಂಚೆ ನನಗೆ ಬರೆದ ಒಂದು ಇಮೇಲಿನಲ್ಲೂ ಎಕ್ಸೆಲ್ ಶೀಟ್ ಇತ್ತು. ಅವನು ಲ್ಯಾಪ್‌ಟಾಪ್ ತಂದು ತಾಯಿಯ ಮುಂದಿಟ್ಟು, ಏರಿ ಇಳಿಯುವ ಒಂದು ಗೆರೆ ತೋರಿಸಿ, "ನೋಡಮ್ಮ, ಇದು ಕಾಯಿಲೆ ಬಂದವರ ಲೆಕ್ಕ. ಮೊದಲು ಹೀಗೆ ಏರುತ್ತೆ, ಆಮೇಲೆ ಇಳಿಯುತ್ತೆ" ಎಂದ.

ಅತ್ತೆ ಬಗ್ಗಿ ನೋಡಿದರು. "ಚಾಮುಂಡಿ ಬೆಟ್ಟ. ಸರಿ. ನಾವೀಗ ಎಲ್ಲಿದೀವಿ? ನಂದಿ ಹತ್ತಿರಾನಾ?"

"ಅಂದಾಜು ಹಾಗೇ ಅಂತಿಟ್ಟುಕೋ."

"ನಂದಿಯಿಂದ ಮೇಲಕ್ಕೋ ಕೆಳಕ್ಕೋ?"

ಶ್ರೀಧರ ಲ್ಯಾಪ್‌ಟಾಪ್ ಮುಚ್ಚಿದ. ಆ ದಿನ ಇಡೀ ದೇಶದಲ್ಲಿ ಯಾರಿಗೂ ಆ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ.

ಇಷ್ಟು ತಮಾಷೆ ಮಾಡುತ್ತಿದ್ದ ಅತ್ತೆ ಮಾತು ನಿಲ್ಲಿಸಿದ್ದು ಸರಸು ಚಿಕ್ಕಮ್ಮ ಹೋದಾಗ. ಸರಸು ಚಿಕ್ಕಮ್ಮ ಅತ್ತೆಯ ಒಬ್ಬಳೇ ತಂಗಿ, ಮೈಸೂರಿನಲ್ಲಿದ್ದವರು. ಆಸ್ಪತ್ರೆಗೆ ಸೇರಿಸಿದರು ಎಂದು ಸೋಮವಾರ ಫೋನು ಬಂತು, ಶುಕ್ರವಾರ ಇನ್ನೊಂದು ಫೋನು ಬಂತು. ಯಾರನ್ನೂ ಹತ್ತಿರ ಬಿಡಲಿಲ್ಲವಂತೆ. ನಾವಂತೂ ಸಮುದ್ರದ ಈಚೆ ಇದ್ದೆವು. ಅತ್ತೆ ಆ ದಿನ ಫೋನನ್ನು ಮೇಜಿನ ಮೇಲಿಟ್ಟು, ಹೋಗಿ ಪಾತ್ರೆ ತೊಳೆದರು. ತೊಳೆದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದರು. ನಾನು ತಡೆಯಲಿಲ್ಲ.

ಇಬ್ಬರೂ ಹುಡುಗಿಯರಾಗಿದ್ದಾಗ ಅಗ್ರಹಾರದ ಮನೆಯ ಮುಂದೆ ಧನುರ್ಮಾಸದಲ್ಲಿ ರಂಗೋಲಿ ಹಾಕುತ್ತಿದ್ದುದನ್ನು ಅತ್ತೆ ನೂರು ಸಲ ಹೇಳಿದ್ದರು. ತಂಗಿ ಚುಕ್ಕಿ ಇಡುವವಳು, ಅಕ್ಕ ಎಳೆ ಎಳೆಯುವವಳು. ಸರಸು ಇಟ್ಟ ಚುಕ್ಕಿ ದಾರ ಹಿಡಿದು ಇಟ್ಟಷ್ಟು ನೇರವಂತೆ. ಅತ್ತೆಗೆ ಚುಕ್ಕಿ ಇಡಲು ಬರುವುದಿಲ್ಲ, ಸಾಲು ತಪ್ಪುತ್ತದೆ. "ಅದು ಸರಸು ಇಲಾಖೆ" ಎನ್ನುತ್ತಿದ್ದರು. ಬೆಳಗ್ಗೆ ಹಾಲಿನವನು ಸೈಕಲ್ಲನ್ನು ಎತ್ತಿಕೊಂಡು ರಂಗೋಲಿಯ ಅಂಚಿನಲ್ಲಿ ದಾಟುತ್ತಿದ್ದನಂತೆ. ಪೋಸ್ಟಿನವನು ಒಮ್ಮೆ ತುಳಿಯಬಾರದೆಂದು ನೆಗೆಯಲು ಹೋಗಿ ಮೋರಿಗೆ ಬಿದ್ದನಂತೆ. ನಾನು ಈ ಕಥೆಗಳನ್ನೆಲ್ಲ ಕೇಳಿ ನಕ್ಕಿದ್ದೇನೆ. ಕೇಳಿಯೂ ಬುದ್ಧಿ ಬರಲಿಲ್ಲ ಎಂಬುದು ಮುಂದೆ ನಿಮಗೇ ತಿಳಿಯುತ್ತದೆ.

ಮದುವೆ ಊಟದ ಕಥೆ ಇನ್ನೊಂದು. ಸರಸು ಚಿಕ್ಕಮ್ಮನಿಗೆ ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುವ ಚಟ. ಪಂಕ್ತಿ ಶುರುವಾದರೂ ಪತ್ತೆ ಇರುತ್ತಿರಲಿಲ್ಲ. ಅತ್ತೆ ತಮ್ಮ ಪಕ್ಕದ ಎಲೆಯ ಮುಂದೆ ಕರವಸ್ತ್ರ ಹಾಕಿ, ಬಂದವರಿಗೆಲ್ಲ "ಜನ ಇದಾರೆ" ಎಂದು ಜಾಗ ಕಾಯುತ್ತಿದ್ದರು. ಒಂದು ಮದುವೆಯಲ್ಲಿ ಗಂಡಿನ ಸೋದರಮಾವನನ್ನೇ ಹಾಗೆ ಎಬ್ಬಿಸಿ ಕಳಿಸಿದ್ದಕ್ಕೆ ಬೀಗರ ಕಡೆಯವರು ಎರಡು ವರ್ಷ ಮಾತು ಬಿಟ್ಟಿದ್ದರಂತೆ. ಆದರೆ ಸರಸು ಬಂದು ಕೂತು, ತಣ್ಣಗಾದ ಹೋಳಿಗೆಯನ್ನು ತಿಂದೇ ಎದ್ದರಂತೆ.

ಲಸಿಕೆ ಬಂತು. ಅತ್ತೆಯ ಹೆಸರಿಗೆ ಜಿಪಿಯಿಂದ ಪತ್ರವೂ ಬಂತು. ಅತ್ತೆ ಅದನ್ನು ರೈಸ್ ಕುಕ್ಕರಿನ ಕೆಳಗೆ ಇಟ್ಟರು. ಮೊದಲು ಏಕಾದಶಿ ಎಂದರು. ಆಮೇಲೆ ತೋಳು ನೋಯುತ್ತಿದೆ ಎಂದರು. ಆಮೇಲೆ ಸಕ್ಕರೆ ಕಾಯಿಲೆ ಇರಬಹುದು ಎಂದರು, ಅದು ಅವರಿಗೆ ಇಲ್ಲ. ಶ್ರೀಧರ ಗೋಗರೆದ, ರೇಗಿದ, ಒಂದು ದಿನ ಊಟ ಬಿಟ್ಟ. ಏನೂ ನಡೆಯಲಿಲ್ಲ.

ಆಗ ನಾನು ಕಣಕ್ಕಿಳಿದೆ. ಸೋಪಿನ ಡಬ್ಬಿ ಗೆದ್ದವಳಲ್ಲವೆ. ಒಂದು ಮಧ್ಯಾಹ್ನ ಓವನ್ನಿನ ಕಪ್ಪು ತಟ್ಟೆಯನ್ನು ಊಟದ ಮೇಜಿನ ಮೇಲಿಟ್ಟು, ಪುಡಿಯಿಂದ ಏಳು ಚುಕ್ಕಿ ಏಳು ಸಾಲು ಇಟ್ಟೆ. "ಅತ್ತೆ, ಒಂದೊಂದು ಚುಕ್ಕಿ ಒಬ್ಬೊಬ್ಬ ಮನುಷ್ಯ. ಇವರಿಗೆ ಕಾಯಿಲೆ ಬಂತು. ಪಕ್ಕದವರನ್ನ ಮುಟ್ಟಿದ್ರು" ಎಂದು ಎಳೆ ಎಳೆದೆ. "ಅವರು ಇನ್ನಿಬ್ಬರನ್ನ." ಮತ್ತೆ ಎಳೆ. ನೋಡನೋಡುತ್ತ ತಟ್ಟೆ ತುಂಬ ಬಲೆಯಾಯಿತು. ಅತ್ತೆ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು. ಎಷ್ಟೋ ದಿನದ ಮೇಲೆ ಅವರ ಕಣ್ಣಿನಲ್ಲಿ ಆಸಕ್ತಿ ಕಂಡಿತು. ನನಗೆ ಹುರುಪು ಬಂತು. ತಟ್ಟೆಯನ್ನು ಒರೆಸಿ ಮತ್ತೆ ಚುಕ್ಕಿ ಇಟ್ಟೆ. "ಈಗ ನೋಡಿ. ಲಸಿಕೆ ಹಾಕಿಸಿಕೊಂಡವರ ಸುತ್ತ ಎಳೆ ಸುತ್ತಿಕೊಂಡು ಹೋಗುತ್ತೆ, ಚುಕ್ಕಿನ ಮುಟ್ಟಲ್ಲ. ಒಂದು ಚುಕ್ಕಿ ಗಟ್ಟಿಯಾದ್ರೆ ಎಷ್ಟು ಎಳೆ ಅಲ್ಲೇ ನಿಲ್ಲುತ್ತೆ!"

ಅತ್ತೆ ಬೆರಳು ಚಾಚಿ, ನಡುವಿನ ಒಂದು ಚುಕ್ಕಿಯನ್ನು ಮೆಲ್ಲಗೆ ಒರೆಸಿದರು.

"ಇದು ಸರಸು" ಎಂದರು. "ಅವಳ ಸುತ್ತ ಯಾರು ಎಳೆ ಎಳೆದ್ರು? ಅವಳಿಗೆ ಇಲ್ಲದ್ದು ನನಗ್ಯಾಕೆ?"

ಎದ್ದು ಕೋಣೆಗೆ ಹೋದರು. ಏಕಾದಶಿ, ತೋಳು, ಸಕ್ಕರೆ ಎಲ್ಲದರ ಹಿಂದೆ ಇದ್ದದ್ದು ಇದು. ಮನೆಯಲ್ಲಿ ಜೊತೆಗಿದ್ದೂ ನನಗೆ ಹೊಳೆದಿರಲಿಲ್ಲ. ಪಾಠ ಹೇಳುವ ಭರದಲ್ಲಿ ಎದುರಿಗೆ ಕೂತ ಮನುಷ್ಯರನ್ನು ಮರೆಯುವುದು ನನ್ನ ಹಳೆಯ ಚಾಳಿ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಆ ತಟ್ಟೆಯನ್ನು ತೊಳೆಯಲು ಮನಸ್ಸಾಗದೆ ಮೂರು ದಿನ ಓವನ್ನಿನ ಮೇಲೆಯೇ ಇಟ್ಟಿದ್ದೆ.

ಆ ವಾರವೇ ನಮ್ಮ ಜಿಪಿಯ ಕ್ಲಿನಿಕ್ಕಿನ ನರ್ಸ್ ಪೌಲೀನ್ ಫೋನು ಮಾಡಿದರು. ನಾನು ಸ್ವಯಂಸೇವಕರ ಪಾಳಿಯ ಪಟ್ಟಿಯಲ್ಲಿ ಹೆಸರು ಕೊಟ್ಟಿದ್ದೆ. ಹತ್ತಿರದ ಒಂದು ಸಮುದಾಯ ಭವನದಲ್ಲಿ ಶನಿವಾರ ಲಸಿಕೆ ಹಾಕುತ್ತಾರೆ, ಸಾಲು ಹೊರಗೆ ಕಾರ್ ಪಾರ್ಕಿನಲ್ಲಿ ನಿಲ್ಲಬೇಕು, ಆದರೆ ನೆಲಕ್ಕೆ ಅಂಟಿಸುವ ಪಾದದ ಗುರುತಿನ ಸ್ಟಿಕ್ಕರ್‌ಗಳು ಒದ್ದೆ ಟಾರಿನ ಮೇಲೆ ನಿಲ್ಲುತ್ತಿಲ್ಲ. ಎರಡೆರಡು ಮೀಟರಿಗೆ ಏನಾದರೂ ಗುರುತು ಮಾಡಬಹುದೆ?

"ನನಗೆ ಬಿಡಿ ಪೌಲೀನ್" ಎಂದೆ. ಅಂಥ ಆತ್ಮವಿಶ್ವಾಸಕ್ಕೆ ನನ್ನಲ್ಲಿ ಯಾವತ್ತೂ ಕೊರತೆಯಾಗಿಲ್ಲ.

ಶನಿವಾರ ಬೆಳಕು ಹರಿಯುತ್ತಲೇ ಮಕ್ಕಳ ದಪ್ಪ ಬಣ್ಣದ ಸೀಮೆಸುಣ್ಣದ ಪೆಟ್ಟಿಗೆ ಹಿಡಿದು ಹೋದೆವು. ಅತ್ತೆಯನ್ನೂ ಶ್ರೀಧರ ಕಾರಿನಲ್ಲಿ ಕೂರಿಸಿಕೊಂಡ. "ನಾನು ಇಳಿಯಲ್ಲ. ಗಾಳಿಗೆ ಬರ್ತಿದೀನಿ ಅಷ್ಟೆ" ಎಂದು ಅತ್ತೆ ಮೂರು ಸಲ ಹೇಳಿದರು. ಕುಕ್ಕರಿನ ಕೆಳಗಿನ ಪತ್ರವನ್ನು ನಾನು ಸದ್ದಿಲ್ಲದೆ ನನ್ನ ಚೀಲಕ್ಕೆ ಸೇರಿಸಿದ್ದೆ.

ಶ್ರೀಧರ ಟೇಪು ಹಿಡಿದ, ನಾನು ಮಂಡಿಯೂರಿದೆ. ಕಮಲ, ಶಂಖ, ನಕ್ಷತ್ರ, ಜೋಡಿ ನವಿಲು. ಎರಡು ಮೀಟರಿಗೊಂದು, ಒಟ್ಟು ಇಪ್ಪತ್ತು. ಬೆರಳು ಮರಗಟ್ಟಿತು, ಮೂಗು ಸೋರಿತು, ಆದರೆ ಕೊನೆಯ ಕಮಲ ಮುಗಿಸಿ ಎದ್ದು ನೋಡಿದಾಗ ಆ ಬೂದಿ ಬಣ್ಣದ ಕಾರ್ ಪಾರ್ಕು ಹಬ್ಬದ ಅಂಗಳದಂತಿತ್ತು. ಪೌಲೀನ್ ಕೈ ಎದೆಗಿಟ್ಟುಕೊಂಡು, "ಓ ಬ್ಯಾಬ್, ಎಷ್ಟು ಚೆಂದ!" ಎಂದರು. ಬ್ಯಾಬ್ ಅಥವಾ ಲವ್ ಎಂದರೆ ಇಲ್ಲಿಯವರ ಬಾಯಲ್ಲಿ ನಮ್ಮ 'ಕಂದಾ' ಇದ್ದ ಹಾಗೆ, ಅರವತ್ತರವರಿಗೂ ಅನ್ನುತ್ತಾರೆ.

ಜನ ಬರತೊಡಗಿದರು. ನಮ್ಮ ಕಡೆಯವರೇ ಹೆಚ್ಚು: ಗುಜರಾತಿಗಳು, ತಮಿಳರು, ಪಂಜಾಬಿಗಳು, ಒಂದಿಬ್ಬರು ಕನ್ನಡದವರು. ಮೊದಲು ಬಂದ ತಮಿಳು ಮಾಮಿ ಸೀರೆಯ ನೆರಿಗೆ ಎತ್ತಿ ಹಿಡಿದು, ಕಮಲವನ್ನು ಪ್ರದಕ್ಷಿಣೆ ಹಾಕಿದ ಹಾಗೆ ಬಳಸಿ ಬಂದು, ಅದರ ಪಕ್ಕದಲ್ಲಿ ನಿಂತರು. ಹಿಂದೆ ಬಂದ ಗುಜರಾತಿ ಅಜ್ಜ ಶಂಖವನ್ನು ನೋಡಿ, ಆ ಚಳಿಯಲ್ಲಿ, ಶೂ ಬಿಚ್ಚಿದರು. ಬಿಚ್ಚಿಯೂ ಮೇಲೆ ನಿಲ್ಲಲಿಲ್ಲ, ಮಾಮಿಯ ಪಕ್ಕಕ್ಕೆ ಬಂದರು. ಎರಡು ರಂಗೋಲಿಗಳ ನಡುವಿನ ಸಂದಿಯಲ್ಲಿ ನಾಲ್ಕು ಜನ, ಆಮೇಲೆ ಐದು ಜನ. ಗುರುತುಗಳೇ ಇಲ್ಲದಿದ್ದರೆ ಅವರು ಇದಕ್ಕಿಂತ ದೂರ ನಿಲ್ಲುತ್ತಿದ್ದರು. ನನ್ನ ಇಪ್ಪತ್ತು ರಂಗೋಲಿಗಳೂ ಖಾಲಿ, ಸಂದಿಗಳೆಲ್ಲ ಭರ್ತಿ. ಡೆರೆಕ್ ಎಂಬ ಒಬ್ಬ ಇಂಗ್ಲಿಷ್ ಮುದುಕರು ಮಾತ್ರ ಹೇಳಿದ ಹಾಗೆ ಕೇಳಿ ಜೋಡಿ ನವಿಲಿನ ಕತ್ತಿನ ಮೇಲೆ ನಿಂತರು. ಅಷ್ಟೂ ಜನ ಅವರನ್ನು ದುರುಗುಟ್ಟಿ ನೋಡಿದರು.

"ಅಮ್ಮಾ, ಮೇಲೆ ನಿಂತ್ಕೊಳಿ, ಅದಕ್ಕೇ ಹಾಕಿರೋದು" ಎಂದು ನಾನು ಪರಿಚಯದ ಕನ್ನಡದವರೊಬ್ಬರನ್ನು ಅಂಗಲಾಚಿದೆ.

"ಅಯ್ಯೋ, ಬಿಡ್ತು ಅನ್ನಿ! ರಂಗೋಲಿ ತುಳೀತಾರೇನ್ರೀ?" ಎಂದು ಅವರು ಇನ್ನಷ್ಟು ಒತ್ತರಿಸಿ ನಿಂತರು.

ಪೌಲೀನ್ ನನ್ನ ಬಳಿ ಬಂದು ಮೆಲ್ಲಗೆ, "ಬ್ಯಾಬ್, ಇವರು ಯಾಕೆ ಹೂವಿನ ಮೇಲೆ ನಿಲ್ಲುತ್ತಿಲ್ಲ?" ಎಂದು ಕೇಳಿದರು. ನಾನು ಹುಟ್ಟಿದಾಗಿನಿಂದ ಒಂದು ರಂಗೋಲಿಯನ್ನೂ ತುಳಿದವಳಲ್ಲ. ಮೋರಿಗೆ ಬಿದ್ದ ಪೋಸ್ಟಿನವನ ಕಥೆ ಕೇಳಿ ಬೆಳೆದ ಮನೆಗೆ ಸೊಸೆಯಾದವಳು. ಎರಡು ಮೀಟರ್ ಅಳೆದೆ, ಬಣ್ಣ ಆರಿಸಿದೆ, ಇಷ್ಟನ್ನು ಮಾತ್ರ ಯೋಚಿಸಲಿಲ್ಲ. ಮುದುಕರು ಒಬ್ಬರ ಭುಜಕ್ಕೆ ಒಬ್ಬರು ಭುಜ ತಾಗಿಸಿ ಕೆಮ್ಮುತ್ತ ನಿಂತಿದ್ದರು. ನನಗೆ ಹೆದರಿಕೆಯಾಯಿತು.

ಆಗ ಕಾರಿನ ಕಿಟಕಿಯಲ್ಲಿ ಟಕಟಕ ಸದ್ದಾಯಿತು. ಬಾಗಿಲು ತೆರೆದುಕೊಂಡಿತು. ಎರಡು ಮಾಸ್ಕು, ಮಂಕಿ ಕ್ಯಾಪು, ಶ್ರೀಧರನ ಹಳೆಯ ಕೋಟು, ಕೈಯಲ್ಲಿ ಛತ್ರಿ ಹಿಡಿದು ಅತ್ತೆ ಇಳಿದರು.

"ಏನೇ ವೀಣಾ, ನಿನಗೆ ಬುದ್ಧಿ ಎಲ್ಲಿ ಹೋಯ್ತು? ರಂಗೋಲಿ ಯಾರಾದ್ರೂ ತುಳಿಯೋಕೆ ಹಾಕ್ತಾರಾ?"

"ಈಗ ಏನು ಮಾಡ್ಲಿ ಅತ್ತೆ?"

"ಮದುವೆ ಮನೇಲಿ ಎಲೆ ಸುತ್ತ ಹೇಗೆ ಹಾಕ್ತೀವಿ? ಎಲೆ ಜಾಗ ಬಿಟ್ಟು ತಾನೆ? ನಡುವೆ ಒರೆಸು. ದಳ ಇರಲಿ. ಸುತ್ತ ಒಂದು ಕಟ್ಟು ಕಟ್ಟಿದ್ರೆ ಅದು ಕೂರೋ ಜಾಗ ಆಗುತ್ತೆ. ಆಗ ನೋಡು, ಕರೀದೇ ಬರ್ತಾರೆ."

ಶ್ರೀಧರ ಭವನದ ಬಚ್ಚಲಿನಿಂದ ಒದ್ದೆ ಮಾಪು ತಂದು ಕಮಲದ ಹೊಟ್ಟೆ ಒರೆಸಿದ. ಅತ್ತೆ ತಮ್ಮ ಛತ್ರಿಯ ತುದಿಗೆ ನನ್ನ ತಲೆಯ ರಬ್ಬರ್ ಬ್ಯಾಂಡಿನಿಂದ ಒಂದು ಸೀಮೆಸುಣ್ಣ ಕಟ್ಟಿಸಿಕೊಂಡರು, ಬಗ್ಗಿದರೆ ಅವರಿಗೆ ಉಬ್ಬಸ ಹತ್ತುತ್ತದೆ. ಛತ್ರಿಯ ತುದಿಯನ್ನು ನೆಲಕ್ಕಿಟ್ಟು ಅತ್ತೆ ನನ್ನ ಕಡೆ ನೋಡಿದರು.

"ಚುಕ್ಕಿ ಇಡು" ಎಂದರು. "ನನಗೆ ಬರಲ್ಲ."

ನಾನು ಮಂಡಿಯೂರಿ ಒರೆಸಿದ ಚೌಕದ ಸುತ್ತ ಚುಕ್ಕಿ ಇಟ್ಟೆ. ಸಾಲು ಸ್ವಲ್ಪ ಸೊಟ್ಟವಾಯಿತು. ಅತ್ತೆ ಅದನ್ನು ನೋಡಿದರು, ಛತ್ರಿಯಿಂದ ಎಳೆ ಎಳೆದರು. ಸರಸು ಚಿಕ್ಕಮ್ಮ ಹೋದ ಮೇಲೆ ಅವರು ಎಳೆದ ಮೊದಲ ಎಳೆ ಅದು. ನನ್ನ ಸೊಟ್ಟ ಚುಕ್ಕಿಗಳನ್ನು ಸುತ್ತಿಕೊಂಡು, ಒಂದನ್ನೂ ಮುಟ್ಟದೆ, ಬಳ್ಳಿಯಾಗಿ ಹೋಗಿ ಹೊರಟಲ್ಲಿಗೇ ಬಂದು ಸೇರಿತು. ನಾನು ಅಡುಗೆಮನೆಯಲ್ಲಿ ಹೇಳಲು ಹೋಗಿ ಕೆಡಿಸಿದ್ದ ಪಾಠ ಅಲ್ಲಿ ನೆಲದ ಮೇಲೆ ಸರಿಯಾಗಿ ಬಂದಿತ್ತು. ಅಳು ಬಂತು. ಮಾಸ್ಕಿನ ಒಳಗೆ ಅತ್ತರೆ ಯಾರಿಗೂ ಕಾಣುವುದಿಲ್ಲ, ಆ ಕಾಲದ ಒಂದು ಸೌಕರ್ಯ.

ಅತ್ತೆಯ ಎಳೆಯನ್ನು ನೋಡಿ ಮಾಮಿ ತಾವೂ ಒಂದು ಸೀಮೆಸುಣ್ಣ ತೆಗೆದುಕೊಂಡರು. ಇನ್ನೊಬ್ಬರು ಬಂದರು. ಅರ್ಧ ಗಂಟೆಯಲ್ಲಿ ಇಪ್ಪತ್ತು ಎಲೆಯ ಜಾಗ ಸಿದ್ಧವಾಯಿತು. ಆದರೂ ಎಲ್ಲರೂ ಬದಿಯಲ್ಲೇ ನಿಂತಿದ್ದರು, ನೀವು ಮೊದಲು, ನೀವು ಮೊದಲು ಎಂದು ಕಣ್ಣಲ್ಲೇ ಉಪಚಾರ. ಪಂಕ್ತಿಯಲ್ಲಿ ಹಿರಿಯರು ಕೂರದೆ ಉಳಿದವರು ಕೂರುವುದುಂಟೆ? ಎಲ್ಲರೂ ಅತ್ತೆಯನ್ನೇ ನೋಡಿದರು.

ಅತ್ತೆ ಒಂದು ಸಲ ಸುತ್ತ ಕಣ್ಣಾಡಿಸಿ, ಚಪ್ಪಲಿ ಬಿಡಲು ಹೋಗಿ, ಚಳಿ ನೆನಪಾಗಿ ಬಿಡದೆ, ಮೊದಲನೆಯ ಚೌಕದೊಳಗೆ ಕಾಲಿಟ್ಟು ನಿಂತರು. ಅಷ್ಟೇ ಸಾಕಾಯಿತು. ಮಾಮಿ ಎರಡನೆಯದಕ್ಕೆ, ಅಜ್ಜ ಮೂರನೆಯದಕ್ಕೆ, ಡೆರೆಕ್ ನಾಲ್ಕನೆಯದಕ್ಕೆ. ಟೇಪು ಹಿಡಿದು ಅಳೆದರೂ ತಪ್ಪಿರಲಿಲ್ಲ. ಯಾವ ಪೋಸ್ಟರೂ ಯಾವ ಧ್ವನಿವರ್ಧಕವೂ ಮಾಡದ ಕೆಲಸ ಅದು.

ಪೌಲೀನ್ ಪಟ್ಟಿ ಹಿಡಿದು ಸಾಲಿನ ತಲೆಗೆ ಬಂದರು. ಸಾಲಿನ ತಲೆಯಲ್ಲಿ ಇದ್ದವರು ನಮ್ಮತ್ತೆ.

"ಹೆಸರೇನು, ಬ್ಯಾಬ್?"

ಅತ್ತೆ ನನ್ನ ಕಡೆ ತಿರುಗಿದರು. ಪತ್ರ ನನ್ನ ಚೀಲದಲ್ಲಿತ್ತು. ಹೇಳಲು ನೂರು ಮಾತು ನಾಲಿಗೆಯ ತುದಿಯಲ್ಲಿತ್ತು. ಶ್ರೀಧರ ಮಾಪು ಹಿಡಿದು ಕಂಬದ ಹಾಗೆ ನಿಂತಿದ್ದ. ಆ ದಿನ ನಾನು ಮಾತಾಡಲಿಲ್ಲ. ನನ್ನ ಜೀವನದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸಗಳಲ್ಲಿ ಅದೊಂದು.

ಅತ್ತೆ ತಮ್ಮ ಕಾಲಿನ ಸುತ್ತಲಿನ ಬಳ್ಳಿಯನ್ನು ನೋಡಿದರು. "ಎಲೆ ಮುಂದೆ ಕೂತಾಯ್ತಲ್ಲೇ" ಎಂದರು. "ಊಟ ಮಾಡದೆ ಹೇಗೆ ಏಳಲಿ?"

ಆಮೇಲೆ ನನಗೊಬ್ಬಳಿಗೇ ಕೇಳುವಂತೆ ಅಂದರು: "ಸರಸುಗೆ ಬಡಿಸೋಕೆ ಮುಂಚೆ ಎಲೆ ಎತ್ತಿಬಿಟ್ರು ಕಣೇ."

ನಾನು ಚೀಲದಿಂದ ಪತ್ರ ತೆಗೆದು ಪೌಲೀನ್ ಕೈಗೆ ಕೊಟ್ಟೆ. ಅತ್ತೆ ಒಳಗೆ ಹೋಗಿ ಹತ್ತೇ ನಿಮಿಷದಲ್ಲಿ ಹೊರಗೆ ಬಂದರು. "ಇರುವೆ ಕಚ್ಚಿದಷ್ಟೂ ಇಲ್ಲ. ಇದಕ್ಕೆ ಇಷ್ಟು ರಾದ್ಧಾಂತ ಮಾಡಿದ್ರಾ ನೀವಿಬ್ಬರೂ?" ಎಂದು ನಮ್ಮನ್ನೇ ಬೈದರು. ಶ್ರೀಧರ ಮಾಪನ್ನು ಅಪ್ಪಿಕೊಂಡು ನಗುತ್ತಿದ್ದ. ಸಂಜೆ ಮಳೆ ಬಂದು ಇಪ್ಪತ್ತು ಎಲೆಗಳನ್ನೂ ತೊಳೆದುಕೊಂಡು ಹೋಯಿತು.

ಅತ್ತೆ ಆಮೇಲೆ ಊರಿಗೆ ಹೋದರು, ಬಂದರು, ಮತ್ತೆ ಹೋದರು. ಈ ಬೇಸಿಗೆಗೆ ಇಲ್ಲೇ ಇದ್ದಾರೆ. ಶಾಹೀನ ಫೋನು ಮಾಡಿದ ವಿಷಯ ಹೇಳಿದಾಗ, "ಚುಕ್ಕಿ ನೀನೇ ಇಡು. ಈ ಸಲ ನೆಟ್ಟಗೆ ಇಡು" ಎಂದರು.

ಪ್ರದರ್ಶನ ಎಜ್‌ಬಾಸ್ಟನ್‌ನ ಒಂದು ದೊಡ್ಡ ಸಭಾಂಗಣದಲ್ಲಿತ್ತು. ಗೋಡೆಯ ಮೇಲೆ ಮಕ್ಕಳು ಆಗ ಕಿಟಕಿಗೆ ಅಂಟಿಸುತ್ತಿದ್ದ ಕಾಮನಬಿಲ್ಲಿನ ಚಿತ್ರಗಳು, ಆಸ್ಪತ್ರೆಯ ಕೆಲಸದವರು ಮಾಸ್ಕಿನ ಮೇಲೆ ಬರೆದುಕೊಂಡ ನಗುವಿನ ಬಾಯಿಗಳು, ಕದಂಬದ ಹೂವಿನ ವೈರಸ್ಸು. ನಡುವೆ ನಮಗೆ ಕಪ್ಪು ನೆಲ. 'ಇದು ಉಪ್ಪಲ್ಲ' ಡಬ್ಬಿಯಿಂದ ನಾನು ಚುಕ್ಕಿ ಇಟ್ಟೆ, ಅತ್ತೆ ಅದೇ ಛತ್ರಿಗೆ ಸೀಮೆಸುಣ್ಣ ಕಟ್ಟಿ ಎಳೆ ಎಳೆದರು, ನಡುನಡುವೆ ಕುರ್ಚಿಯಲ್ಲಿ ಕೂತು ದಣಿವಾರಿಸಿಕೊಂಡರು. ಹನ್ನೆರಡು ಚೌಕ. ಮುಗಿದ ತಕ್ಷಣ ಸಭಾಂಗಣದವರು ಸುತ್ತ ಹಗ್ಗ ಕಟ್ಟಿ, ಮುಟ್ಟಬಾರದು ಎಂಬ ಫಲಕ ನಿಲ್ಲಿಸಿದರು.

"ಇದೇನು ಶಾಹೀನಾ, ಬಡಿಸಿಟ್ಟು ಬಾಗಿಲು ಹಾಕಿದ ಹಾಗೆ?" ಎಂದು ಅತ್ತೆ ಮುಖ ಗಂಟಿಕ್ಕಿದರು.

ಶಾಹೀನ ನಕ್ಕು, "ಅಜ್ಜಿ ಹೇಳಿದ್ದು ಖರೇ ಐತ್ರಿ. ಮಂದಿ ನಿಂತ್ರನ ಇದು ಚಿತ್ರ" ಎಂದು ತಾನೇ ಹಗ್ಗ ಬಿಚ್ಚಿದಳು. ಅತ್ತೆ ಮೊದಲನೆಯ ಚೌಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಬಂದವರು ಒಬ್ಬೊಬ್ಬರೇ ಉಳಿದ ಚೌಕಗಳಲ್ಲಿ ನಿಂತು, ಆ ದಿನಗಳಲ್ಲಿ ತಾವು ಎಲ್ಲಿ ನಿಂತಿದ್ದೆವು ಎಂದು ತಮ್ಮ ತಮ್ಮಲ್ಲೇ ಹೇಳಿಕೊಳ್ಳತೊಡಗಿದರು. ಪೌಲೀನ್ ಕೂಡ ಬಂದು ನಿಂತರು. ಅವರು ಈಗ ನಿವೃತ್ತರು.

ನಾನು ಡಬ್ಬಿಯ ಮುಚ್ಚಳ ಹಾಕಿ ತಿರುಗಿ ನೋಡಿದಾಗ ಅತ್ತೆಯ ಪಕ್ಕದ ಎರಡನೆಯ ಚೌಕ ಇನ್ನೂ ಖಾಲಿ ಇತ್ತು. ನಡುವೆ ಒಂದು ಕರವಸ್ತ್ರ, ನಾಲ್ಕು ಮಡಿಕೆ ಮಾಡಿ ಇಟ್ಟದ್ದು.

ಟೋಪಿ ಹಾಕಿದ ಒಬ್ಬ ಇಂಗ್ಲಿಷ್ ಹಿರಿಯರು ನಿಧಾನವಾಗಿ ಬಂದು ಅದರೊಳಗೆ ಕಾಲಿಡಲು ಹೋದರು. ಅತ್ತೆ ಕೈ ಅಡ್ಡ ಹಿಡಿದು ಕನ್ನಡದಲ್ಲೇ, "ಜನ ಇದಾರೆ" ಎಂದರು.

ಅವರು ಅರ್ಥವಾಗದೆ ನನ್ನ ಮುಖ ನೋಡಿದರು. ಅಲ್ಲೊಬ್ಬರು ಕೂರುವವರಿದ್ದಾರೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕರವಸ್ತ್ರವನ್ನು ನೋಡಿದರು, ಅತ್ತೆಯನ್ನು ನೋಡಿದರು, "ಸಾರಿ, ಲವ್" ಎಂದು ಮೆಲ್ಲಗೆ ಹಿಂದೆ ಸರಿದು, ಎರಡು ಮೀಟರ್ ಆಚೆಯ ಚೌಕಕ್ಕೆ ಹೋಗಿ ನಿಂತರು. ಆಮೇಲೆ ಬಂದವರಿಗೂ ಅತ್ತೆ ಹಾಗೆಯೇ ಹೇಳಿದರು. ಸಭಾಂಗಣ ಮುಚ್ಚುವವರೆಗೂ ಆ ಜಾಗ ಸರಸು ಚಿಕ್ಕಮ್ಮನದೇ ಆಗಿತ್ತು.